ಹೊಸ ಪರದೆ, ದೋಣಿಯಜ್ಜನ ದನಿ

ಮಾರ್ಚ್ ೩, ಸೋಮವಾರ

ಕಂಪ್ಯೂಟರಿನ ಹೊಸ ಪರದೆ ಬಂತು. ಇಬ್ಬರು ಹೊತ್ತು ತಂದರು. ಒಬ್ಬನೇ ತರಬಹುದಾಗಿತ್ತು, ಆದರೆ ಪೆಟ್ಟಿಗೆಯ ಮೇಲೆ ಒಡೆದ ಲೋಟದ ಚಿತ್ರವಿತ್ತು, ಹೆದರಿಕೊಂಡರು. ಮೇಜಿನ ಮೇಲೆ ಕೂರಿಸಿದ ಕೂಡಲೇ ಕೋಣೆ ಕುಗ್ಗಿತು, ನನ್ನ ಎದೆ ಹಿಗ್ಗಿತು. ಹಳೆಯ ಪರದೆ ಇದರ ಪಕ್ಕದಲ್ಲಿ ಶ್ರೀಮಂತರ ಮನೆಗೆ ಬಂದ ಬಡ ಸೋದರತ್ತೆಯಂತೆ ಮುದುಡಿ ನಿಂತಿತ್ತು. ಅದನ್ನು ಅಟ್ಟಕ್ಕೆ ಕಳಿಸಿದೆ.

ಎಂಬತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆಯಂತೆ ಇದರಲ್ಲಿ.

“ಅಷ್ಟು ಚುಕ್ಕೆ ಇಟ್ಕೊಂಡು ಏನ್ಮಾಡ್ತೀರಿ?” ಎಂದಳು ಇವಳು.

“ನೋಡ್ತೀನಿ.”

“ರೇಡಿಯೊನಾ?”

“ಹೌದು.”

“ಸರಿ,” ಎಂದು ಹೋದಳು. ಮದುವೆಯಾದಾಗಿನಿಂದ ಇವಳ “ಸರಿ”ಯನ್ನು ಕೇಳುತ್ತಿದ್ದೇನೆ, ಒಂದೂ ಸರಿಯಾಗಿಲ್ಲ. ಆಸ್ಪತ್ರೆಯ ದೂರವಾಣಿ ವಿಭಾಗದಲ್ಲಿ ಕೂತು ಬೆಳಗಿಂದ ಸಂಜೆಯವರೆಗೆ ಊರಿನವರ ನೋವು ಕೇಳಿಸಿಕೊಳ್ಳುವವಳಿಗೆ ನೋಡುವ ಸುಖ ಹೇಗೆ ತಿಳಿಯಬೇಕು.

ಮುಂದೆ ಯಾವ ಪುಟ ತೆರೆದರೂ ನನಗೇ ಅರ್ಥವಾಗಬೇಕೆಂದು ಬಿಡಿಸಿ ಬರೆಯುತ್ತೇನೆ, ರಸ್ತೆ ಇಲಾಖೆಯ ಅಭ್ಯಾಸ. ನಾನು ಹವ್ಯಾಸಿ ರೇಡಿಯೊದವನು. ಪರವಾನಗಿ ಇದೆ, ಆಂಟೆನಾ ಇದೆ, ಹೆಂಡತಿಯ ಅರೆಮನಸ್ಸಿನ ಒಪ್ಪಿಗೆಯೂ ಇದೆ. ದಿನಾ ಬೆಳಿಗ್ಗೆ ಏಳಕ್ಕೆ ನಮ್ಮ ಸಂಘದವರೆಲ್ಲ ಗಾಳಿಯಲ್ಲಿ ಸೇರುತ್ತೇವೆ. ಒಬ್ಬೊಬ್ಬರ ದನಿ ಎಷ್ಟು ಸ್ಪಷ್ಟ, ಎಷ್ಟು ಗಟ್ಟಿ ಎಂದು ಅಂಕ ಕೊಡುವವನು ನಾನು. ಹೊಸ ತಂತ್ರಾಂಶದಲ್ಲಿ ಈ ದನಿಗಳೆಲ್ಲ ಬಣ್ಣಬಣ್ಣದ ಗೆರೆಗಳಾಗಿ ಪರದೆಯ ಮೇಲಿಂದ ಕೆಳಗೆ ಜಲಪಾತದ ಹಾಗೆ ಇಳಿಯುತ್ತವೆ. ಕಿವಿಗೆ ಸಿಗದ್ದು ಕಣ್ಣಿಗೆ ಸಿಗುತ್ತದೆ. ಇನ್ನು ಮೇಲೆ ನನ್ನ ಅಂಕ ಅಂದಾಜಿನದಲ್ಲ, ಅಳತೆಯದು.

ಮಾರ್ಚ್ ೪, ಮಂಗಳವಾರ

ಚಿತ್ರ ಅದ್ಭುತ. ಅಕ್ಷರ ಮಾತ್ರ ಇರುವೆ.

ಪರದೆ ದೊಡ್ಡದಾದರೆ ಅಕ್ಷರವೂ ದೊಡ್ಡದಾಗುತ್ತದೆಂದು ನಂಬಿದ್ದೆ. ಹಾಗಲ್ಲವಂತೆ. ಚುಕ್ಕೆಗಳು ಹೆಚ್ಚಿದಷ್ಟೂ ಅಕ್ಷರಗಳು ಅವುಗಳ ನಡುವೆ ಅಡಗಿಕೊಳ್ಳುತ್ತವೆ. ಅಕ್ಷರ ಹಿಗ್ಗಿಸುವ ಉಪಾಯವನ್ನೂ ಮಾಡಿದೆ. ಹಿಗ್ಗಿದವು. ಆದರೆ ತಂತ್ರಾಂಶದ ಕಿಟಕಿಯೂ ಹಿಗ್ಗಿ, ‘ಸರಿ’ ಎನ್ನುವ ಗುಂಡಿ ಪರದೆಯ ಕೆಳಗೆ ಎಲ್ಲೋ ಮೇಜಿನ ಒಳಗೆ ಹೋಗಿ ಕೂತಿತು. ಬಹಳ ಹೊತ್ತು ಅದನ್ನು ಅಂದಾಜಿನಲ್ಲೇ ಒತ್ತಿದೆ. ಕೊನೆಗೆ ಮತ್ತೆ ಇರುವೆಗಳನ್ನೇ ಕರೆದೆ. ಅಷ್ಟೂ ಚುಕ್ಕೆಗಳನ್ನು ಕೊಂಡು ಅರ್ಧ ಮಾತ್ರ ಬಳಸುವುದೆಂದರೆ ಊಟಕ್ಕೆ ಕೂತು ಎಲೆಯ ತುದಿಯಲ್ಲೇ ತಿಂದೆದ್ದ ಹಾಗೆ.

“ಕನ್ನಡಕ ಮಾಡಿಸ್ಕೊಳ್ಳಿ,” ಎಂದಳು. “ಗಾಜಿನ ಮೇಲೆ ಮೂಗಿನ ಗುರುತು ಬಿದ್ದಿದೆ.”

“ನನ್ನ ಕಣ್ಣಿಗೇನೂ ಆಗಿಲ್ಲ. ಅಕ್ಷರಕ್ಕೆ ಆಗಿದೆ.”

“ಸರಿ.”

ಕಚೇರಿಯಲ್ಲಿ ನನ್ನ ಕೆಲಸ ರಸ್ತೆ ಬದಿಯ ಎಚ್ಚರಿಕೆ ಫಲಕಗಳಿಗೆ ಸಾಲು ಬರೆಯುವುದು. ಇಂದು ‘ಮುಂದಿದೆ ಉಬ್ಬು, ಇಳಿಸಿರಿ ಕೊಬ್ಬು’ ಎಂದು ಬರೆದುಕೊಟ್ಟೆ. ಮೇಲಧಿಕಾರಿ ತಿರಸ್ಕರಿಸಿದರು. ಅವರ ದೇಹದ ಬಗ್ಗೆ ಬರೆದದ್ದೆಂದು ತಿಳಿದರೋ ಏನೋ.

ಮಾರ್ಚ್ ೭, ಶುಕ್ರವಾರ

ಮಹತ್ವದ ದಿನ. ಹಳೆಯ ಪರದೆಯಲ್ಲಿ ಎಂದೂ ಕಾಣದಿದ್ದ ಗೆರೆಗಳು ಹೊಸದರಲ್ಲಿ ಕಾಣುತ್ತಿವೆ. ಬಾಚಣಿಗೆಯ ಹಲ್ಲುಗಳಂತೆ ಸಮದೂರದಲ್ಲಿ ನಿಂತ ನೀಟಾದ ಗೆರೆಗಳು. ನಾನು ಯಂತ್ರ ಹಚ್ಚಿದೊಡನೆ ಬರುತ್ತವೆ, ಆರಿಸುವವರೆಗೂ ಇರುತ್ತವೆ, ಒಂದು ದಿನವೂ ತಪ್ಪಿಸಿಲ್ಲ. ಇಷ್ಟು ಶಿಸ್ತು ಮನುಷ್ಯರಲ್ಲಿ ಕಾಣುವುದು ಕಷ್ಟ. ಯಾರೋ ದೊಡ್ಡವರ ಗುಟ್ಟಿನ ಪ್ರಸಾರವೇ ಇರಬೇಕು. ಪರದೆ ಒಳ್ಳೆಯದಾದರೆ ಲೋಕದ ಮರೆ ಸರಿಯುತ್ತದೆ ಎನ್ನುವುದಕ್ಕೆ ಇದೇ ಸಾಕ್ಷಿ.

ಒಂದು ಬೇಸರ. ದೋಣಿಯಜ್ಜನ ದನಿ ಕುಗ್ಗಿದೆ. ಅಜ್ಜ ಎಂದರೆ ಆಚೆ ದಡದ ಊರಿನವರು, ಜನರನ್ನು ಹೊಳೆ ದಾಟಿಸುವ ದೊಡ್ಡ ದೋಣಿ ನಡೆಸಿ ನಿವೃತ್ತರಾದವರು. ನನಗೆ ರೇಡಿಯೊ ಹಿಡಿಯಲು ಕಲಿಸಿದ್ದೇ ಅವರು. ಇಷ್ಟು ವರ್ಷ ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟವಾಗಿ ಬರುತ್ತಿದ್ದರು, ತಪ್ಪದೆ ಪೂರ್ತಿ ಅಂಕ ಪಡೆಯುತ್ತಿದ್ದರು. ಇಂದು ಗರಗರ ಸದ್ದಿನ ನಡುವೆ ಅಲ್ಲೊಂದು ಇಲ್ಲೊಂದು ಪದ.

“ಅಜ್ಜ, ನಿಮ್ಮ ಕಡೆ ಏನೋ ತೊಂದರೆಯಾಗಿದೆ,” ಎಂದೆ.

“ಹೌದಾ? ನನಗೆ ನೀವು ಚೆನ್ನಾಗೇ ಕೇಳ್ತಿದ್ದೀರಲ್ಲ.”

“ಕೇಳೋದು ಬೇರೆ, ಕಾಣೋದು ಬೇರೆ. ಪರದೆ ಮೇಲೆ ನೀವು ಕಾಣ್ತಾನೇ ಇಲ್ಲ.”

ನಡುವೆ ಬಾಯಿ ಹಾಕಿದ್ದು ಸಂಘದ ವಕೀಲೆ, ನಮ್ಮ ಊರಿನವಳೇ, ಹತ್ತಿರದವಳಾದ್ದರಿಂದ ಅವಳ ದನಿ ಗಟ್ಟಿ. “ನನಗೆ ಅಜ್ಜ ಗಂಟೆ ಹೊಡೆದ ಹಾಗೆ ಬರ್ತಿದ್ದಾರೆ.” ಈಕೆ ಬಿಸಿಲನ್ನು ಬಿಸಿಲೆಂದರೂ ಸಾಕ್ಷಿ ಕೇಳುವವಳು. ಗಣನೆಗೆ ತೆಗೆದುಕೊಳ್ಳಲಿಲ್ಲ.

ಮಾರ್ಚ್ ೧೨, ಬುಧವಾರ

ಅಜ್ಜ ಕೇಬಲ್ ಬದಲಾಯಿಸಿದರಂತೆ. ಕಾಣಲಿಲ್ಲ. ಕೊಟ್ಟ ಅಂಕ: ಅರ್ಧಕ್ಕೂ ಕಡಿಮೆ. ನಿಷ್ಠುರನೆನಿಸಿದರೂ ಪರವಾಗಿಲ್ಲ, ಅಳತೆ ಅಳತೆಯೇ.

ಮಾರ್ಚ್ ೧೬, ಭಾನುವಾರ

ಸಂಘದ ಸಭೆಯಲ್ಲಿ ನನ್ನ ಉಪನ್ಯಾಸ. ವಿಷಯ: ‘ಕಾಣದ ಸಂಕೇತಗಳು ಕಂಡಾಗ’. ಬಾಚಣಿಗೆ ಗೆರೆಗಳ ಚಿತ್ರಗಳನ್ನು ಗೋಡೆಯಗಲ ತೋರಿಸಿದೆ. ಅಧ್ಯಕ್ಷರು ದಂತವೈದ್ಯರು, ಅವರ ಬಾಯಿಯೇ ತೆರೆದುಕೊಂಡಿತು.

“ಏನ್ ಶಿಸ್ತು, ಏನ್ ಸಾಲು,” ಎಂದರು. “ಎಲ್ಲೂ ಹುಳುಕಿಲ್ಲ.”

“ಇದು ಯಾರ ಪ್ರಸಾರ?” ಎಂದು ಒಬ್ಬರು ಕೇಳಿದರು.

“ಅದನ್ನು ಬಹಿರಂಗವಾಗಿ ಹೇಳೋ ಕಾಲ ಇನ್ನೂ ಬಂದಿಲ್ಲ,” ಎಂದೆ. ಗೊತ್ತಿಲ್ಲ ಎನ್ನುವುದಕ್ಕಿಂತ ಇದು ಗಂಭೀರವಾಗಿ ಕೇಳಿಸಿತು.

ವಕೀಲೆ ಎದ್ದಳು. “ಇದು ನಿಮ್ಮೊಬ್ಬರಿಗೇ ಯಾಕೆ ಕಾಣುತ್ತೆ?”

“ನನ್ನೊಬ್ಬನ ಹತ್ತಿರವೇ ಅಂಥ ಪರದೆ ಇರೋದಕ್ಕೆ.”

ಚಪ್ಪಾಳೆ ಬಿತ್ತು. ನನ್ನನ್ನು ಸಂಘದ ಪರದೆ ಸಲಹೆಗಾರನನ್ನಾಗಿ ನೇಮಿಸಿದರು. ಅಧ್ಯಕ್ಷರು ಅಂಥದೇ ಒಂದನ್ನು ತರಿಸುತ್ತಾರಂತೆ, ಕಾರ್ಯದರ್ಶಿಯೂ ಅಷ್ಟೇ. ಅಜ್ಜ ಸಭೆಗೆ ಬಂದಿರಲಿಲ್ಲ. ಆಂಟೆನಾದ ಕೀಲುಗಳನ್ನು ತೊಳೆಯುತ್ತಿದ್ದಾರಂತೆ. ನಾನೇ ಹೇಳಿದ್ದೆ.

ಮಾರ್ಚ್ ೧೯, ಬುಧವಾರ

ಬೆಳಿಗ್ಗೆ ಕರೆಂಟು ಹೋಗಿತ್ತು. ಪರದೆ ಕಪ್ಪು, ಆದರೆ ರೇಡಿಯೊಗೆ ಬ್ಯಾಟರಿ ಇದೆ. ಬೇರೇನೂ ತೋಚದೆ ಸುಮ್ಮನೆ ಕಿವಿಗೊಟ್ಟು ಕೂತೆ. ದೋಣಿಯಜ್ಜ ಪಕ್ಕದ ಕೋಣೆಯಲ್ಲೇ ಇದ್ದಂತೆ ಬಂದರು. ಉಸಿರೂ ಕೇಳುತ್ತಿತ್ತು.

“ಅಜ್ಜ, ಪೂರ್ತಿ ಅಂಕ. ನೋಡಿದ್ರಾ, ಕೀಲು ತೊಳೀರಿ ಅಂದಿದ್ದೆ.”

ಅಜ್ಜ ನಕ್ಕರು. “ನಿಮ್ಮಿಂದ ಉಪಕಾರವಾಯ್ತು. ನನಗೇ ವಯಸ್ಸಾಯ್ತೇನೋ ಅಂದ್ಕೊಂಡಿದ್ದೆ.”

ನನ್ನ ಸಲಹೆ ಫಲಿಸಿತು. ಸಂತೋಷಕ್ಕೆ ಕಚೇರಿಯಲ್ಲಿ ಒಂದು ಒಳ್ಳೆಯ ಸಾಲು ಹುಟ್ಟಿತು: ‘ತಿರುವಿನಲ್ಲಿರಲಿ ತಾಳ್ಮೆ, ಮುಂದುವರಿಯಲಿ ಬಾಳ್ವೆ’. ಮೇಲಧಿಕಾರಿ ಒಪ್ಪಿದರು.

ಮಾರ್ಚ್ ೨೦, ಗುರುವಾರ

ಕರೆಂಟು ಬಂದಿದೆ. ಅಜ್ಜ ಮತ್ತೆ ಹೋದರು. ಒಂದೇ ದಿನದ ಸುಧಾರಣೆ. ಮುದಿ ಆಂಟೆನಾ, ಇನ್ನೆಷ್ಟು ತಾಳೀತು. ಬಾಚಣಿಗೆ ಗೆರೆಗಳು ಮಾತ್ರ ಎಂದಿನಂತೆ ಸ್ಫುಟವಾಗಿವೆ.

ಕಂಬದ ತುದಿಯ ತಿರುಪುಮೊಳೆಗಳನ್ನೇ ಬಿಗಿ ಮಾಡಬೇಕೆಂದು ಅಜ್ಜನಿಗೆ ಹೇಳಿದೆ. “ಮೇಲೆ ಹತ್ತಬೇಕಾಗುತ್ತೆ,” ಎಂದರು, ಅಷ್ಟು ಕೇಳಿತು. “ಹತ್ತದೆ ಆಗಲ್ಲ,” ಎಂದೆ.

ಮಾರ್ಚ್ ೨೪, ಸೋಮವಾರ

ಅಜ್ಜ ಮಾಳಿಗೆಯ ಏಣಿಯಿಂದ ಜಾರಿ ಕಾಲು ಉಳುಕಿಸಿಕೊಂಡಿದ್ದಾರೆ. ವಕೀಲೆ ಗಾಳಿಯಲ್ಲಿ ಹೇಳಿದಳು, ಅದೂ ಎಲ್ಲರೆದುರು: “ಸಲಹೆಗಾರರು ಕೇಳಿಸ್ಕೊಂಡ್ರಾ?”

“ನೋಡ್ತಾ ಇದ್ದೀನಿ,” ಎಂದೆ.

ಈ ವಯಸ್ಸಿನಲ್ಲಿ ಏಣಿ ಹತ್ತುವುದೇ ತಪ್ಪು. ಯಾರಾದರೂ ಅವರಿಗೆ ಬುದ್ಧಿ ಹೇಳಬೇಕು.

ಊಟಕ್ಕೆ ಕೂತಾಗ ಇವಳು, “ಅಜ್ಜ ಯಾಕಂತೆ ಹತ್ತಿದ್ದು?” ಎಂದಳು.

“ಮೊಳೆ ಬಿಗಿ ಮಾಡೋಕೆ.”

“ಅವರಿಗೇ ಹೊಳೀತಾ?”

ಸಾರಿಗೆ ಉಪ್ಪು ಕಡಿಮೆ ಎಂದೆ. ಉಪ್ಪು ಸರಿಯಾಗಿಯೇ ಇತ್ತು.

ಮಾರ್ಚ್ ೨೮, ಶುಕ್ರವಾರ

ಅಜ್ಜ ಫೋನು ಮಾಡಿದ್ದರು. ಗಾಳಿಯಲ್ಲಿ ಪ್ರಯೋಜನವಿಲ್ಲ ಎಂದು ಅವರಿಗೇ ಅನ್ನಿಸಿದೆ.

“ನಿಜ ಹೇಳಿ. ನಾನು ಪೂರ್ತಿ ಹೋದೆನಾ?”

“ಒಂದು ಎಳೆಯೂ ಕಾಣಲ್ಲ ಅಜ್ಜ.”

“ವಕೀಲಮ್ಮ ಬರ್ತಿದೀರಿ ಅಂತಾರೆ.”

“ಅವರು ಸಮಾಧಾನಕ್ಕೆ ಹೇಳ್ತಿರಬಹುದು. ಅಧ್ಯಕ್ಷರಿಗೂ ನೀವು ಕೇಳ್ತಿಲ್ಲವಂತೆ. ಅವರದೂ ಹೊಸ ಪರದೆ.”

“ಸೊಸೆ ಕಂಬ ತೆಗೆಸ್ತೀನಿ ಅಂತಿದ್ದಾಳೆ. ಆ ಜಾಗಕ್ಕೆ ಬಿಸಿಲಿಂದ ಕರೆಂಟು ಬರೋ ಫಲಕ ಹಾಕಿಸ್ತಾಳಂತೆ. ಯಾರಿಗೂ ಕೇಳದ ಮೇಲೆ ಕಂಬಕ್ಕೆ ಜೋತು ಬೀಳೋದು ಯಾಕೆ, ಇನ್ನೊಂದು ಸಲ ಬಿದ್ದರೆ ಯಾರು ನೋಡ್ಕೊಳ್ತಾರೆ ಅಂತಾಳೆ. ಅವಳದ್ದೂ ತಪ್ಪಲ್ಲ. ಆಂಟೆನಾ ನೀವೇ ತಗೊಳ್ಳಿ. ನಿಮ್ಮ ಪರದೆಗೆ ಜೋಡಿಯಾಗುತ್ತೆ,” ಎಂದರು.

ಬೇಡವೆಂದೆ. ಎರಡನೇ ಸಲವೂ ಬೇಡವೆಂದೆ. ಮೂರನೇ ಸಲ ಅವರು ಕೇಳಲಿಲ್ಲವಾದ್ದರಿಂದ ನಾನೇ ಒಪ್ಪಿಕೊಂಡೆ. ಅಜ್ಜನ ಆಂಟೆನಾ ಈ ಭಾಗದಲ್ಲೇ ಒಳ್ಳೆಯದು. ಮಾಳಿಗೆಯ ಅಳತೆ ತೆಗೆದೆ, ಸರಿಯಾಗಿ ಕೂರುತ್ತದೆ.

ಮುದಿ ಆಂಟೆನಾ ಎಂದು ಮೇಲೆಲ್ಲೋ ಬರೆದಿದ್ದೇನೆ. ಅದು ಆ ದಿನದ ಅಭಿಪ್ರಾಯ.

ಏಪ್ರಿಲ್ ೨, ಬುಧವಾರ

ಬೆಳಗಿನ ಕೂಟದಲ್ಲಿ ಜನ ಕಡಿಮೆ. ಅಧ್ಯಕ್ಷರು, ಕಾರ್ಯದರ್ಶಿ, ನಾನು, ಮೂವರೂ ಹೊಸ ಪರದೆಯವರು. ಒಬ್ಬರ ದನಿ ಒಬ್ಬರಿಗೆ ಸರಿಯಾಗಿ ತಿಳಿಯುತ್ತಿಲ್ಲ. ಆದರೆ ಮೂವರಿಗೂ ಬಾಚಣಿಗೆ ಗೆರೆಗಳು ಕಂಡವು. ಪ್ರಸಾರ ಹರಡುತ್ತಿದೆ ಎಂದು ಅಧ್ಯಕ್ಷರು ಸಂದೇಶ ಕಳಿಸಿದರು. ಗಾಳಿಯಲ್ಲಿ ಹೇಳಲಾಗದ್ದರಿಂದ ಫೋನಿನಲ್ಲಿ.

ಏಪ್ರಿಲ್ ೪, ಶುಕ್ರವಾರ

ಆದದ್ದನ್ನು ಆದ ಹಾಗೆಯೇ ಬರೆಯಬೇಕು.

ಬೆಳಿಗ್ಗೆ ಏಳರ ಹೊತ್ತಿಗೆ ಪರದೆಯ ಮುಂದೆ ಕೂತಿದ್ದೆ. ರೇಡಿಯೊದಿಂದ ಎಂದಿನ ಗರಗರ. ಇವಳು ಇಸ್ತ್ರಿ ಪೆಟ್ಟಿಗೆ ಹಿಡಿದು ಬಂದಳು, ಆಸ್ಪತ್ರೆಯ ಸಮವಸ್ತ್ರಕ್ಕೆ ಇಸ್ತ್ರಿಯಾಗಬೇಕಿತ್ತು. ಆಚೆ ಕೋಣೆಯ ಪ್ಲಗ್ಗು ಕೆಟ್ಟಿದೆ. ಸರಿಪಡಿಸುತ್ತೇನೆಂದು ನಾನು ಹೇಳಿ ಬಹಳ ದಿನವಾಗಿದೆ. ನನ್ನನ್ನು ಕೇಳದೆ ಬಗ್ಗಿ ಪರದೆಯ ಪ್ಲಗ್ಗು ಕಿತ್ತಳು.

ಪರದೆ ಆರಿತು. ಗರಗರ ಸತ್ತಿತು. ಆ ಮೌನದೊಳಗಿಂದ ದೋಣಿಯಜ್ಜನ ದನಿ ಬಂತು, ಒಂದು ಅಕ್ಷರವೂ ಹರಿಯದೆ.

“...ನಾಳೆ ಕಂಬ ಇಳಿಸ್ತಾರೆ. ಅದಕ್ಕೇ ಇವತ್ತು ಎಲ್ಲರಿಗೂ ಒಂದು ಮಾತು ಹೇಳಿ ಮುಗಿಸೋಣ ಅಂತ. ಯಾರ್ಯಾರಿಗೆ ಕೇಳ್ತಿದೆಯೋ ಗೊತ್ತಿಲ್ಲ. ಕೇಳ್ದೆ ಇದ್ದರೂ ಹೇಳ್ತೀನಿ. ನಿಮ್ಮ ಜೊತೆ ಮಾತಾಡಿ ನನ್ನ ಬೆಳಗುಗಳು ಚೆನ್ನಾಗಿ ಕಳೆದ್ವು...”

“ಏನ್ರೀ ಇದು,” ಎಂದಳು ಇವಳು, “ಗಲಾಟೆ ನಿಂತೇ ಹೋಯ್ತು.”

“ಮತ್ತೆ ಹಾಕು.”

ಹಾಕಿದಳು. ಪರದೆ ಬೆಳಗಿತು, ಬಾಚಣಿಗೆ ಬಂತು, ಅಜ್ಜ ಹೋದರು.

“ತೆಗಿ.”

ಅಜ್ಜ ಬಂದರು.

“ಹಾಕು.”

ಹೋದರು. ಬೇರೆ ಫಲ ಬರಬಹುದೆಂದು ಇನ್ನೂ ಕೆಲವು ಸಲ ಮಾಡಿಸಿದೆ. ಬರಲಿಲ್ಲ. ಆ ಶಿಸ್ತಿನ ಗೆರೆಗಳು ಯಾವ ದೊಡ್ಡವರದೂ ಅಲ್ಲ. ಪರದೆ ತಾನೇ ಗೊರಕೆ ಹೊಡೆದು, ಆ ಗೊರಕೆಯ ಚಿತ್ರವನ್ನು ತಾನೇ ಬಿಡಿಸಿ, ನನಗೆ ತೋರಿಸುತ್ತಿತ್ತು. ನಾನು ಅದರ ಮೇಲೆ ಉಪನ್ಯಾಸ ಕೊಟ್ಟೆ.

“ಅಂದ್ರೆ ಅಜ್ಜನ ರೇಡಿಯೊಗೆ ಏನೂ ಆಗಿರಲಿಲ್ಲ,” ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಮೈಕು ಹಿಡಿದೆ. “ಅಜ್ಜ, ಈಗ ನೀವು ಚೆನ್ನಾಗಿ ಬರ್ತಿದ್ದೀರಿ. ಬೆಳಿಗ್ಗೆಯಿಂದ ವಾತಾವರಣ ಇದ್ದಕ್ಕಿದ್ದ ಹಾಗೆ ತಿಳಿಯಾಗಿದೆ.”

ಇವಳು ಇಸ್ತ್ರಿ ಮಾಡುತ್ತಲೇ, “ವಾತಾವರಣದ ಪ್ಲಗ್ಗು ಇಲ್ಲಿ ಬಿದ್ದಿದೆ. ಪೂರ್ತಿ ಹೇಳಿ,” ಎಂದಳು.

ಪೂರ್ತಿ ಹೇಳಿದೆ. ಪ್ರಾಸವಿಲ್ಲದೆ ಹೇಳಿದೆ. ಪರದೆ, ಗರಗರ, ಕೇಬಲ್, ಕೀಲು, ಮೊಳೆ, ಏಣಿ. ನಡುವೆ ವಕೀಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸುಲಭವಾಗುತ್ತಿತ್ತು.

“ಅಂದ್ರೆ ನಾನು ಸರಿಯಾಗೇ ಇದ್ದೆ,” ಎಂದರು ಅಜ್ಜ.

“ಹೌದು.”

“ಮೊದಲಿಂದಲೂ?”

“ಮೊದಲಿಂದಲೂ.”

ಅವರು ಮೆಲ್ಲಗೆ ಹೇಳಿದರು: “ನಾನು ಸೊಸೆಗೆ ಹೇಳಿದ್ರೆ ನಂಬಲ್ಲ. ಕಂಬ ಉಳಿಸ್ಕೊಳ್ಳೋಕೆ ಕಥೆ ಕಟ್ತಿದ್ದೀನಿ ಅಂತಾಳೆ. ನೀವೇ ಬಂದು ಹೇಳಿ.”

ಪ್ಲಗ್ಗನ್ನು ಮತ್ತೆ ಹಾಕಲಿಲ್ಲ. ಇವಳೂ ಏನೂ ಅನ್ನಲಿಲ್ಲ, “ಸರಿ” ಎಂದು ಕೂಡ.

ಏಪ್ರಿಲ್ ೫, ಶನಿವಾರ

ನಿನ್ನೆ ಕಚೇರಿಯಲ್ಲಿ ರಜೆ ಸಿಗಲಿಲ್ಲ, ಇಂದು ಬೆಳಗಿನ ಮೊದಲ ಬಸ್ಸಿಗೇ ಹೋದೆ. ಆದರೂ ತಡವಾಗಿತ್ತು. ಕೆಲಸದವರು ಬಿಸಿಲೇರುವ ಮುನ್ನವೇ ಬಂದು ಮುಗಿಸಿದ್ದರು. ಕಂಬ ಅಂಗಳದಲ್ಲಿ ಉದ್ದಕ್ಕೆ ಮಲಗಿತ್ತು. ಆಂಟೆನಾದ ಕೊಳವೆಗಳನ್ನು ಕಟ್ಟಿ, ಮೇಲೊಂದು ಚೀಟಿ ಸಿಕ್ಕಿಸಿದ್ದರು: ‘ಪರದೆಯವರಿಗೆ’. ಅಜ್ಜ ಕುರ್ಚಿಯಲ್ಲಿ ಕೂತಿದ್ದರು, ಕಾಲಿಗೆ ಪಟ್ಟಿ. ನಾನು ಹಿಂದೆ ಕಂಡಿದ್ದಕ್ಕಿಂತ ಸಣ್ಣಗಾಗಿದ್ದಾರೆ.

ಸೊಸೆ ಕಾರು ಓಡಿಸಲು ಕಲಿಸುವ ಶಾಲೆ ನಡೆಸುತ್ತಾಳೆ. ನಿಂತ ರೀತಿಯಲ್ಲೇ ಬ್ರೇಕಿನ ಮೇಲೆ ಕಾಲಿಟ್ಟ ಹಾಗಿದ್ದಳು.

“ನೀವೇನಾ?” ಎಂದಳು. “ಮಾವ ಕೇಳ್ತಿಲ್ಲ, ಮಾವ ಕಾಣ್ತಿಲ್ಲ ಅಂತ ದಿನಾ ಹೇಳ್ತಿದ್ದೋರು?”

“ಹೌದಮ್ಮ. ತಪ್ಪು ನನ್ನ ಕಡೆ ಇತ್ತು. ನನ್ನ ಪರದೆಯ ಸದ್ದು.”

“ನಿಮ್ಮ ಮನೆ ಟೀವಿ ಸದ್ದಿಗೆ ನಮ್ಮ ಮಾವ ಏಣಿ ಹತ್ತಿದ್ರಾ?”

“ಅದು ಟೀವಿ ಅಲ್ಲ, ಬಹಳ ಚುಕ್ಕೆಗಳಿರೋ...” ಎಂದು ಶುರು ಮಾಡಿ ನಿಲ್ಲಿಸಿದೆ. “ಹೌದು. ಟೀವಿ ಸದ್ದಿಗೇ.”

ಅವಳು ನನ್ನನ್ನು ನೋಡಿದಳು, ಮಲಗಿದ್ದ ಕಂಬವನ್ನು ನೋಡಿದಳು. “ಒಂದೂವರೆ ತಿಂಗಳಿಂದ ಇವರು ಊಟಕ್ಕೆ ಕೂತರೆ ಕೈ ತಟ್ಟೆಯಲ್ಲೇ ನಿಲ್ಲುತ್ತೆ. ನನ್ನ ದನಿ ಹೋಯ್ತೇನಮ್ಮ ಅಂತ ನನ್ನನ್ನ ಕೇಳ್ತಾರೆ. ಇಲ್ಲ ಮಾವ, ನೀವು ಕೂಗಿದ್ರೆ ಬೀದಿಗೆ ಕೇಳುತ್ತೆ ಅಂದ್ರೂ ನಂಬಲ್ಲ. ನಿಮ್ಮ ಮಾತನ್ನ ಮಾತ್ರ ನಂಬ್ತಾರೆ.”

ಒಂದೂವರೆ ತಿಂಗಳಲ್ಲ, ಒಂದೇ ತಿಂಗಳು. ತಿದ್ದಲಿಲ್ಲ.

“ಮತ್ತೆ ನಿಲ್ಲಿಸ್ತೀನಿ,” ಎಂದೆ.

“ಬೇಡ ಬಿಡಿ,” ಎಂದರು ಅಜ್ಜ. “ನಿಮಗೆ ಕೊಟ್ಟಾಯ್ತು.”

“ನನಗೆ ಬೇಡ ಅಜ್ಜ.” ಈ ಸಲ ಒಂದೇ ಸಲ ಹೇಳಿದೆ.

ಸೊಸೆ ಷರತ್ತು ಹಾಕಿದಳು. “ಮಾವ ಮೆಟ್ಟಿಲ ಮೇಲೂ ಕಾಲಿಡಬಾರದು. ನೀವೇ ಹತ್ತಿ, ನೀವೇ ನಿಲ್ಲಿಸಿ. ಕೇಳುತ್ತೋ ಇಲ್ವೋ ಅಂತ ನಾನೇ ಕೂತು ಕೇಳ್ತೀನಿ, ನಿಮ್ಮಿಬ್ಬರ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ. ಕೇಳಿದ್ರೆ ಕಂಬ ಇರಲಿ. ಇಲ್ಲಾಂದ್ರೆ ನಾಡಿದ್ದು ಫಲಕ ಬರುತ್ತೆ.”

ಹೊರಟಿದ್ದ ಕೆಲಸದವರು ಕಂಬವನ್ನು ಮಾತ್ರ ಎತ್ತಿ ನಿಲ್ಲಿಸಿಕೊಟ್ಟರು. ಉಳಿದದ್ದು ನನ್ನ ಪಾಲಿಗೆ. ನಾನು ಏಣಿ ಹತ್ತಿದವನಲ್ಲ. ಕುರ್ಚಿ ಹತ್ತಿ ಅಟ್ಟದಿಂದ ಸಾಮಾನು ಇಳಿಸುವುದೇ ನನ್ನ ಅತ್ಯುನ್ನತ ಸಾಧನೆ. ಮಾಳಿಗೆಯ ಮೇಲೆ ನಿಂತಾಗ ಹೊಳೆ ಕಂಡಿತು, ಅದರಾಚೆ ನಮ್ಮ ಊರಿನ ನೀರಿನ ಗೋಪುರ ಕಂಡಿತು, ಎರಡು ಕೈಯಲ್ಲೂ ಕಂಬ ತಬ್ಬಿಕೊಂಡೆ. ಅಜ್ಜ ಕೆಳಗಿಂದ ಕೋಲು ತೋರಿಸಿ ಹೇಳಿದ ಹಾಗೆ ಕೊಳವೆ ಜೋಡಿಸಿದೆ. ಎರಡು ಸಲ ತಲೆಕೆಳಗಾಗಿ ಜೋಡಿಸಿದೆ. ಅಜ್ಜ ಒಮ್ಮೆಯೂ ಬೈಯಲಿಲ್ಲ. “ಇನ್ನೊಂದ್ಸಲ ಬಿಚ್ಚಿ,” ಎಂದರು ಅಷ್ಟೇ. ಮಧ್ಯಾಹ್ನವಾಯಿತು, ಬಿಸಿಲಿಗೆ ತಲೆ ಕಾದಿತು.

ಕೇಬಲ್ ಸಿಕ್ಕಿಸಿದೆ. ಸೊಸೆ ಒಳಗೆ ಕೂತು ಕಿಟಕಿಯಿಂದ ಕೂಗತೊಡಗಿದಳು.

“ಬರೀ ಗಾಳಿ... ಎಡಕ್ಕೆ... ಇನ್ನೂ ಎಡಕ್ಕೆ... ಅದು ನಿಮ್ಮ ಎಡ, ನನ್ನ ಎಡಕ್ಕೆ... ಮೆಲ್ಲಗೆ ರೀ, ಸ್ಟೀರಿಂಗ್ ಅಲ್ಲ ಅದು ಗಕ್ಕಂತ ತಿರುಗಿಸೋಕೆ... ನಿಲ್ಸಿ.”

ನಿಲ್ಲಿಸಿದೆ. ಮುಂದಿನ ಆಜ್ಞೆಗೆ ಕಾದೆ. ಬರಲಿಲ್ಲ.

“ಏನಾದ್ರೂ ಬಂತಾ?” ಎಂದೆ.

ಕಿಟಕಿಯತ್ತ ಬಗ್ಗಿ ನೋಡಿದೆ.

“ಬಂತೇನಮ್ಮಾ?” ಎಂದರು ಅಜ್ಜ.

ಅಜ್ಜ ನನ್ನತ್ತ ನೋಡಿದರು, ಆಮೇಲೆ ಕೋಲೂರಿ ಎದ್ದರು. ನಾನು ಇಳಿದು ಬಂದು ಅವರ ತೋಳು ಹಿಡಿದೆ. ಇಬ್ಬರೂ ಕುಂಟುತ್ತ ಬಾಗಿಲಿಗೆ ಬಂದೆವು. ಒಬ್ಬರು ಕಾಲು ಉಳುಕಿ, ಇನ್ನೊಬ್ಬ ಕಾಲು ಮರಗಟ್ಟಿ.

ಸೊಸೆ ರೇಡಿಯೊಗೆ ಕಿವಿ ತಾಗುವಷ್ಟು ಬಾಗಿ ಕೂತಿದ್ದಳು. ನಮ್ಮತ್ತ ತಿರುಗಲಿಲ್ಲ.

“ಯಾರೋ ಹೆಂಗಸು,” ಎಂದಳು, ತೀರಾ ತಗ್ಗಿದ ದನಿಯಲ್ಲಿ. “ಮಾವನ್ನ ಕರೀತಿದ್ದಾಳೆ. ಅಜ್ಜ ಇದ್ದೀರಾ, ಅಜ್ಜ ಇದ್ದೀರಾ ಅಂತ. ಕರೆಯೋದು, ಸ್ವಲ್ಪ ಕಾಯೋದು, ಮತ್ತೆ ಕರೆಯೋದು. ಬೆಳಗಿಂದ ಕರೀತಾನೇ ಇದ್ಳೋ ಏನೋ.”

ಅದು ವಕೀಲೆ. ಏಳರ ಕೂಟ ಮುಗಿದು ಎಷ್ಟೋ ಹೊತ್ತಾಗಿತ್ತು.

ಅಜ್ಜ ಮೈಕಿಗೆ ಕೈ ಚಾಚಿದರು. ಸೊಸೆ ಅವರ ಕೈಯನ್ನು ಮೆಲ್ಲಗೆ ಹಿಡಿದು ತಡೆದಳು.

“ತಡೀರಿ ಮಾವ. ಇನ್ನೊಂದು ಸಲ ಕರೀಲಿ. ನಾನು ಕೇಳ್ಬೇಕು.”

ನಾನು ಬಾಗಿಲಲ್ಲೇ ಕಿವಿಗೊಟ್ಟು ನಿಂತೆ.